ತೆರೆ ಏಳುವ ಮೊದಲಿನ ಮೂರು ಗಂಟೆ

ರಂಗದ ಮೇಲೆ ನಿಂತ ನಟನಿಗೆ ಇದ್ದಕ್ಕಿದ್ದಂತೆ ಮಾತು ಮರೆತುಹೋಗುವುದಕ್ಕೆ, ಕೈಕಾಲು ಕಟ್ಟಿಹಾಕಿದಂತಾಗುವುದಕ್ಕೆ ನಮ್ಮಲ್ಲಿ ಒಂದು ಪುರಾಣವೇ ಇದೆ. ಭರತನ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಅದು ಬರುತ್ತದೆ. ಇಂದ್ರಧ್ವಜದ ಉತ್ಸವದಲ್ಲಿ ಮೊತ್ತಮೊದಲ ನಾಟಕ ನಡೆಯಿತು. ದೇವತೆಗಳು ದೈತ್ಯರನ್ನು ಸೋಲಿಸಿದ್ದೇ ಅದರ ಕಥೆ. ತಮ್ಮ ಸೋಲನ್ನು ತಾವೇ ನೋಡುತ್ತ ಕೂರಬೇಕಾಗಿ ಬಂದ ದೈತ್ಯರಿಗೆ ಸಿಟ್ಟು ಬಂತು. ವಿರೂಪಾಕ್ಷನ ನೇತೃತ್ವದಲ್ಲಿ ಅವರು ವಿಘ್ನರನ್ನು ಕಟ್ಟಿಕೊಂಡು ದಾಳಿಗಿಳಿದರು. ಯಾರ ಕಣ್ಣಿಗೂ ಬೀಳದ ಹಾಗೆ ಮಾಯೆಯಿಂದ ನಟರ ಮೂರು ಸಂಗತಿಗಳನ್ನು ಸ್ತಂಭನಗೊಳಿಸಿದರು: ಮಾತು, ಚಲನೆ, ನೆನಪು.

ಒಮ್ಮೆಯಾದರೂ ಬಣ್ಣ ಹಚ್ಚಿದವರಿಗೆ ಈ ಪಟ್ಟಿ ಎಷ್ಟು ಸರಿಯಾಗಿದೆಯೆಂದು ಗೊತ್ತು. ಮೊದಲು ನಾಲಿಗೆ ಒಣಗುತ್ತದೆ, ಆಮೇಲೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ, ಕೊನೆಗೆ ಮುಂದಿನ ಮಾತು ಏನೆಂಬುದೇ ಹಾರಿಹೋಗುತ್ತದೆ. ಇಂದ್ರ ತನ್ನ ಧ್ವಜದಂಡವನ್ನೇ ಎತ್ತಿ ವಿಘ್ನರನ್ನು ಬಡಿದ. ಅವರ ಮೈ ಜರ್ಜರಿತವಾಯಿತು, ಆ ದಂಡಕ್ಕೂ ‘ಜರ್ಜರ’ ಎಂದೇ ಹೆಸರಾಯಿತು. ಆದರೆ ಹೊಡೆತದಿಂದ ಸಮಸ್ಯೆ ಬಗೆಹರಿಯಲಿಲ್ಲ, ಅಳಿದುಳಿದ ವಿಘ್ನರು ಮತ್ತೆ ಕಾಟ ಕೊಡತೊಡಗಿದರು. ಆಗ ಬ್ರಹ್ಮ ವಿಶ್ವಕರ್ಮನಿಂದ ನಾಟ್ಯಗೃಹ ಕಟ್ಟಿಸಿದ. ಅದರ ಒಂದೊಂದು ಭಾಗಕ್ಕೂ ಒಬ್ಬೊಬ್ಬ ದೇವತೆಯನ್ನು ಕಾವಲಿಗಿಟ್ಟ. ನಟರು ಸಿದ್ಧರಾಗುವ ನೇಪಥ್ಯಕ್ಕೆ ಕಾವಲಾಗಿ ಬಂದವನು ಮಿತ್ರ.

ನಾನು ಮುಂಬೈಯಲ್ಲಿ ಕಚೇರಿ ಕೆಲಸ ಮಾಡಿಕೊಂಡು, ವರ್ಷಕ್ಕೆ ಎರಡೋ ಮೂರೋ ಸಲ ಕನ್ನಡ ನಾಟಕದಲ್ಲೋ ಯಕ್ಷಗಾನದಲ್ಲೋ ಬಣ್ಣ ಹಚ್ಚುವ ಹವ್ಯಾಸಿ. ಪ್ರವೇಶಕ್ಕೆ ಮೊದಲು ಮನಸ್ಸನ್ನು ಹಿಡಿದು ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆಯಿಂದಲೇ ಈ ಇತಿಹಾಸ ಓದಲು ತೊಡಗಿದ್ದು. ಓದುತ್ತ ಹೋದಂತೆ ಪ್ರಶ್ನೆಯೇ ಬೇರೆಯಾಯಿತು. ನಟನ ಮನಸ್ಸಿನ ಸಿದ್ಧತೆ ಎಂದರೆ ಅವನು ಕಣ್ಣು ಮುಚ್ಚಿಕೊಂಡು ಒಬ್ಬನೇ ಮಾಡುವ ಕೆಲಸ ಎಂದು ಇಂದು ನಾವೆಲ್ಲ ತಿಳಿದಿದ್ದೇವೆ. ಹಳೆಯ ರಂಗಭೂಮಿ ಅದನ್ನು ಒಬ್ಬನ ತಲೆಗೆ ಕಟ್ಟಿರಲಿಲ್ಲ. ಅದಕ್ಕೊಂದು ಜಾಗ, ಒಂದಿಷ್ಟು ಹೊತ್ತು, ಕೈತುಂಬ ಕೆಲಸ, ಜೊತೆಗೆ ಜನ ಇದ್ದರು. ಅವು ಒಂದೊಂದಾಗಿ ಬಿಟ್ಟುಹೋದ ಮೇಲೆ ಇಡೀ ಭಾರ ಒಬ್ಬನ ಮೇಲೆ ಬಿತ್ತು.

ನಾಟ್ಯಶಾಸ್ತ್ರವನ್ನೇ ಮೊದಲು ನೋಡೋಣ. ಅದರ ಐದನೆಯ ಅಧ್ಯಾಯ ಪೂರ್ವರಂಗದ್ದು, ಅಂದರೆ ನಾಟಕ ಶುರುವಾಗುವ ಮುನ್ನ ರಂಗದಲ್ಲಿ ನಡೆಯಬೇಕಾದ ಕ್ರಮಗಳದ್ದು. ಒಟ್ಟು 19 ಅಂಗಗಳು. ಅವುಗಳಲ್ಲಿ ಮೊದಲ 9 ತೆರೆಯ ಹಿಂದೆ ನಡೆಯುತ್ತವೆ, ಉಳಿದ 10 ತೆರೆ ಸರಿದ ಮೇಲೆ. ತೆರೆಯ ಹಿಂದಿನ ಮೊದಲ ಅಂಗದ ಹೆಸರು ‘ಪ್ರತ್ಯಾಹಾರ’. ಯೋಗದ ಪರಿಚಯವಿರುವವರಿಗೆ ಈ ಶಬ್ದ ಗೊತ್ತಿರುತ್ತದೆ. ಪತಂಜಲಿಯ ಅಷ್ಟಾಂಗಗಳಲ್ಲಿ ಅದು ಐದನೆಯದು. ಇಂದ್ರಿಯಗಳನ್ನು ಹೊರಗಿನ ವಿಷಯಗಳಿಂದ ಒಳಕ್ಕೆಳೆದುಕೊಳ್ಳುವುದು. ಭರತನಲ್ಲಿ ಅದೇ ಶಬ್ದಕ್ಕೆ ವಾದ್ಯಗಳನ್ನು ತಂದು ಅವುಗಳ ಜಾಗದಲ್ಲಿ ಹೊಂದಿಸಿಡುವುದು ಎಂದರ್ಥ. ಆಮೇಲೆ ಗಾಯಕರು ಬಂದು ಕೂರುತ್ತಾರೆ, ವಾದ್ಯಗಳನ್ನು ಶ್ರುತಿ ಮಾಡಿಕೊಳ್ಳುತ್ತಾರೆ, ಕೈ ಪಳಗಿಸಿಕೊಳ್ಳುತ್ತಾರೆ. ಹೀಗೆ ಒಂದೊಂದೇ ಮೆಟ್ಟಿಲು.

ಎರಡು ಶಾಸ್ತ್ರಗಳು ಒಂದೇ ಶಬ್ದವನ್ನು ಬೇರೆ ಬೇರೆ ಅರ್ಥದಲ್ಲಿ ಬಳಸಿದರೆ ಅದರಿಂದ ದೊಡ್ಡ ಸಿದ್ಧಾಂತ ಕಟ್ಟಬಾರದು. ಆದರೂ ಹವ್ಯಾಸಿಯೊಬ್ಬನಿಗೆ ಇಲ್ಲಿ ಕಲಿಯುವುದಿದೆ. ಯೋಗಿ ಮನಸ್ಸನ್ನು ನೇರವಾಗಿ ಹಿಡಿಯಲು ಹೊರಡುತ್ತಾನೆ. ರಂಗದವರು ಮದ್ದಳೆಯನ್ನು ಅದರ ಜಾಗದಲ್ಲಿಟ್ಟು, ಶ್ರುತಿ ಕೂಡಿಸಿ, ಆ ಕೆಲಸ ನಡೆಯುತ್ತಿರುವಾಗಲೇ ಮನಸ್ಸೂ ಕೂಡಿಕೊಳ್ಳಲಿ ಎಂದು ಕಾಯುತ್ತಾರೆ.

ಮನಸ್ಸಿನ ವಿಷಯವನ್ನು ಭರತ ಮರೆತಿದ್ದ ಎಂದಲ್ಲ. ಏಳನೆಯ ಅಧ್ಯಾಯದಲ್ಲಿ ಸಾತ್ತ್ವಿಕ ಭಾವಗಳ ಮಾತು ಬರುತ್ತದೆ: ಕಣ್ಣೀರು, ರೋಮಾಂಚ, ಬೆವರು, ಸ್ವರ ಒಡೆಯುವುದು ಮುಂತಾದ ಎಂಟು. ಇವು ‘ಸತ್ತ್ವ’ದಿಂದ ಬರುತ್ತವೆ, ಸತ್ತ್ವ ಹುಟ್ಟುವುದು ಮನಸ್ಸಿನಲ್ಲಿ, ಅದೂ ಒಂದೆಡೆ ನೆಲೆನಿಂತ ಮನಸ್ಸಿನಲ್ಲಿ ಎನ್ನುತ್ತಾನೆ. ಬೇರೆಲ್ಲೋ ಮನಸ್ಸಿಟ್ಟವನಿಗೆ ಇದು ಸಾಧ್ಯವಿಲ್ಲ. ದುಃಖವಿಲ್ಲದವನು ಅಳುವುದು ಹೇಗೆ, ಸಂತೋಷವಿಲ್ಲದವನು ಹಿಗ್ಗುವುದು ಹೇಗೆ ಎಂಬ ಪ್ರಶ್ನೆಯನ್ನೂ ಎತ್ತುತ್ತಾನೆ. ಅವನ ಉತ್ತರ ಏಕಾಗ್ರತೆಯ ಕಡೆಗೇ ಹೋಗುತ್ತದೆ. ಮನೆಯ ಸಾವನ್ನೋ ಹಳೆಯ ಅವಮಾನವನ್ನೋ ನೆನೆದುಕೊಂಡು ಅಳು ಎಂದು ಆತ ಹೇಳುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ. 20ನೆಯ ಶತಮಾನದಲ್ಲಿ ನ್ಯೂಯಾರ್ಕಿನ ರಂಗಭೂಮಿ ಒಡೆದದ್ದು ಇದೇ ಜಾಗದಲ್ಲಿ.

ಯುರೋಪಿನಲ್ಲಿ ಈ ಪ್ರಶ್ನೆಯನ್ನು ಹಟ ಹಿಡಿದು ಬೆನ್ನಟ್ಟಿದವನು ಕಾನ್‌ಸ್ಟಾಂಟಿನ್ ಸ್ಟಾನಿಸ್ಲಾವ್‌ಸ್ಕಿ. 1863ರಲ್ಲಿ ಮಾಸ್ಕೋದ ಶ್ರೀಮಂತ ಕಾರ್ಖಾನೆದಾರರ ಮನೆಯಲ್ಲಿ ಹುಟ್ಟಿದವನು. ನೆಮಿರೋವಿಚ್-ದಾನ್‌ಚೆಂಕೊ ಜೊತೆ 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಕಟ್ಟುವುದಕ್ಕೂ ಬಹಳ ಮೊದಲು, 1882ರಲ್ಲಿ, ಇಟಲಿಯ ಪ್ರಸಿದ್ಧ ನಟ ತೊಮ್ಮಾಸೊ ಸಾಲ್ವಿನಿ ಮಾಸ್ಕೋಗೆ ಬಂದು ಒಥೆಲೊ ಪಾತ್ರ ಮಾಡಿದ್ದ. ಅವನು ಸಿದ್ಧನಾಗುತ್ತಿದ್ದ ರೀತಿಯನ್ನು ಸ್ಟಾನಿಸ್ಲಾವ್‌ಸ್ಕಿ ತನ್ನ ಆತ್ಮಕಥೆಯಲ್ಲಿ ವಿವರವಾಗಿ ಬರೆದಿದ್ದಾನೆ. ನಾಟಕ ರಾತ್ರಿ ಎಂಟಕ್ಕಿದ್ದರೆ ಸಾಲ್ವಿನಿ ಐದಕ್ಕೇ ರಂಗಮಂದಿರದಲ್ಲಿ. ಖಾಲಿ ರಂಗದ ಮೇಲೆ ಸುಮ್ಮನೆ ಓಡಾಡುವುದು. ಯಾರಾದರೂ ಎದುರಾದರೆ ಎರಡು ಮಾತು, ಮತ್ತೆ ಮೌನ. ಕೋಣೆಗೆ ಹೋಗಿ ಸ್ವಲ್ಪ ಬಣ್ಣ ಹಚ್ಚಿಕೊಂಡು ಮತ್ತೆ ರಂಗಕ್ಕೆ ಬರುವುದು, ದನಿ ಪರೀಕ್ಷಿಸುವುದು, ಮರಳಿ ಹೋಗಿ ಇನ್ನಷ್ಟು ಬಣ್ಣ. ಮೂರು ಗಂಟೆಗಳಲ್ಲಿ ಮುಖಕ್ಕೆ ಒಥೆಲೊ ಹಂತಹಂತವಾಗಿ ಇಳಿಯುತ್ತಿದ್ದ. ಒಳಗೂ ಅದೇ ವೇಗದಲ್ಲಿ ಇಳಿಯುತ್ತಿದ್ದ ಎಂಬುದು ಸ್ಟಾನಿಸ್ಲಾವ್‌ಸ್ಕಿಯ ಗ್ರಹಿಕೆ.

ಆದರೆ ಅದರ ಬೆಲೆ ಅವನಿಗೆ ನಿಜವಾಗಿ ಮನದಟ್ಟಾದದ್ದು 1906ರಲ್ಲಿ. ಯುರೋಪ್ ಪ್ರವಾಸ ಮುಗಿಸಿ ಬೇಸಿಗೆ ಕಳೆಯಲು ಫಿನ್ಲೆಂಡಿಗೆ ಹೋಗಿದ್ದ. ಸಮುದ್ರದ ದಡದಲ್ಲಿ ಕುಳಿತು ತನ್ನ ಪಾತ್ರಗಳನ್ನು ಒಂದೊಂದಾಗಿ ಮನಸ್ಸಿಗೆ ತಂದುಕೊಂಡ. ಇಬ್ಸೆನ್ನನ ನಾಟಕದ ಡಾಕ್ಟರ್ ಸ್ಟಾಕ್‌ಮನ್ ಅವನ ಅತಿ ಯಶಸ್ವಿ ಪಾತ್ರ. ಮೊದಮೊದಲು ಆ ಪಾತ್ರದ ಹಿಂದೆ ಅವನು ಕಂಡ ಮನುಷ್ಯರಿದ್ದರು, ನೆನಪುಗಳಿದ್ದವು. ನೂರಾರು ಪ್ರಯೋಗಗಳ ನಂತರ ನಡಿಗೆ, ಕೈಸನ್ನೆ, ದನಿ ಎಲ್ಲ ಹಾಗೇ ಉಳಿದಿದ್ದವು, ಒಳಗೆ ಏನೂ ಉಳಿದಿರಲಿಲ್ಲ. ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಲೇ ಇದ್ದರು. 43ನೆಯ ವಯಸ್ಸಿನಲ್ಲಿ, ಕೀರ್ತಿಯ ತುದಿಯಲ್ಲಿದ್ದವನಿಗೆ ಇದು ಗಾಬರಿ ಹುಟ್ಟಿಸಿತು. ನಟರು ಪ್ರತಿ ರಾತ್ರಿ ಮೈಗೆ ಬಟ್ಟೆ ತೊಡುತ್ತಾರೆ, ಮುಖಕ್ಕೆ ಬಣ್ಣ ಹಚ್ಚುತ್ತಾರೆ, ಮನಸ್ಸಿಗೆ ಮಾತ್ರ ಯಾವ ವೇಷವನ್ನೂ ಹಾಕದೆ ರಂಗಕ್ಕೆ ಹೋಗುತ್ತಾರೆ ಎಂಬುದು ಅವನು ಕಂಡುಕೊಂಡ ಸತ್ಯ. ಮುಂದಿನ ಮೂವತ್ತು ವರ್ಷ ಅವನು ಹುಡುಕಿದ್ದು ಆ ಒಳವೇಷದ ವಿಧಾನವನ್ನು.

ಅವನು ಮೊದಲು ಹಿಡಿದದ್ದು ಸ್ನಾಯುಗಳನ್ನು. ‘ಆನ್ ಆಕ್ಟರ್ ಪ್ರಿಪೇರ್ಸ್’ ಎಂದು 1936ರಲ್ಲಿ ಇಂಗ್ಲಿಷಿನಲ್ಲಿ ಬಂದ ಪುಸ್ತಕದಲ್ಲಿ ಒಂದು ಪಾಠವಿದೆ. ಗುರು ಶಿಷ್ಯನಿಗೆ ಪಿಯಾನೊದ ಒಂದು ಮೂಲೆಯನ್ನು ಎತ್ತಿ ಹಿಡಿಯಲು ಹೇಳುತ್ತಾನೆ. ಎತ್ತಿ ಹಿಡಿದಿರುವಾಗಲೇ 37ನ್ನು 9ರಿಂದ ಗುಣಿಸಲು ಹೇಳುತ್ತಾನೆ. ಆಗುವುದಿಲ್ಲ. ರಸ್ತೆಯ ಅಂಗಡಿಗಳನ್ನು ಸಾಲಾಗಿ ನೆನಪು ಮಾಡಿಕೋ ಎಂದರೆ ಅದೂ ಆಗುವುದಿಲ್ಲ. ಪಿಯಾನೊ ಕೆಳಗಿಟ್ಟ ಮೇಲಷ್ಟೇ ತಲೆ ಓಡುತ್ತದೆ. ಮೈ ಬಿಗಿದುಕೊಂಡಿರುವಾಗ ಮನಸ್ಸು ಕೆಲಸ ಮಾಡುವುದಿಲ್ಲ ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳಲಾಗದು. ವಿಘ್ನರು ಮಾತು, ಚಲನೆ, ನೆನಪು ಮೂರನ್ನೂ ಒಟ್ಟಿಗೇ ಕಟ್ಟಿದ್ದು ಏಕೆಂಬುದಕ್ಕೂ ಇಲ್ಲಿ ಉತ್ತರವಿದೆ: ಒಂದು ಬಿಗಿದರೆ ಉಳಿದೆರಡೂ ಬಿಗಿಯುತ್ತವೆ.

ಎರಡನೆಯದು ಗಮನ. ಕತ್ತಲ ಕೋಣೆಯಲ್ಲಿ ದೀಪವೊಂದು ಮೇಜಿನ ಮೇಲೆ ಸಣ್ಣ ಬೆಳಕಿನ ವೃತ್ತ ಮಾಡುತ್ತದೆ. ನಟ ಆ ವೃತ್ತದೊಳಗಿನ ವಸ್ತುಗಳನ್ನು ಮಾತ್ರ ನೋಡಬೇಕು. ಆಮೇಲೆ ವೃತ್ತ ದೊಡ್ಡದಾಗುತ್ತದೆ, ಇನ್ನೂ ದೊಡ್ಡದಾಗುತ್ತದೆ. ಗಮನ ಚದುರಿತೆಂದರೆ ಮತ್ತೆ ಸಣ್ಣ ವೃತ್ತಕ್ಕೆ ಮರಳುವುದು. ದೀಪವಿಲ್ಲದಿರುವಾಗಲೂ ಈ ವೃತ್ತವನ್ನು ತನ್ನ ಜೊತೆ ಒಯ್ಯುವುದನ್ನು ನಟ ಕಲಿಯಬೇಕು. ಸಾವಿರ ಜನರ ಎದುರಿಗಿದ್ದೂ ತಾನೊಬ್ಬನೇ ಇರುವ ಈ ಸ್ಥಿತಿಗೆ ಅವನು ಬಹಿರಂಗದ ಏಕಾಂತ ಎಂಬ ಅರ್ಥದ ಹೆಸರಿಟ್ಟ.

ಈ ಕಥೆಯಲ್ಲಿ ನಮ್ಮ ಕಡೆಯ ಎಳೆಯೊಂದು ಸೇರಿಕೊಂಡದ್ದು ವಿಚಿತ್ರ ದಾರಿಯಲ್ಲಿ. 1912ರಲ್ಲಿ ಸ್ಟಾನಿಸ್ಲಾವ್‌ಸ್ಕಿ ತನ್ನ ಗೆಳೆಯ ಸುಲೆರ್‌ಜಿತ್‌ಸ್ಕಿಯ ಜೊತೆ ಎಳೆಯ ನಟರಿಗಾಗಿ ಫಸ್ಟ್ ಸ್ಟುಡಿಯೊ ಶುರುಮಾಡಿದ. ಅಲ್ಲಿನ ಅಭ್ಯಾಸಗಳಲ್ಲಿ ಉಸಿರಾಟ, ಮೈ ಸಡಿಲಿಕೆ, ‘ಪ್ರಾಣ’ವನ್ನು ಒಬ್ಬರಿಂದ ಇನ್ನೊಬ್ಬರಿಗೆ ಹರಿಸುವ ಆಟಗಳು ಇದ್ದವು. ಇವುಗಳ ಮೂಲ ‘ಯೋಗಿ ರಾಮಚಾರಕ’ ಎಂಬ ಹೆಸರಿನಲ್ಲಿ ಬಂದಿದ್ದ ಹಠಯೋಗದ ಪುಸ್ತಕ. ಈ ರಾಮಚಾರಕ ಬೇರೆ ಯಾರೂ ಅಲ್ಲ, ವಿಲಿಯಂ ವಾಕರ್ ಅಟ್ಕಿನ್‌ಸನ್ ಎಂಬ ಅಮೆರಿಕನ್ ಲೇಖಕ ಎಂದು ವಿದ್ವಾಂಸರು ಹೇಳುತ್ತಾರೆ. ಹೀಗೆ ಯೋಗ ಅಮೆರಿಕ ಸುತ್ತಿ ಮಾಸ್ಕೋ ತಲುಪಿತು. ಮುಂದೆ ಸೋವಿಯತ್ ಆಡಳಿತದಲ್ಲಿ ಇಂಥ ಮಾತುಗಳೆಲ್ಲ ಸಂಶಯಕ್ಕೆ ಗುರಿಯಾದ್ದರಿಂದ ಮುದ್ರಿತ ಪುಸ್ತಕಗಳಲ್ಲಿ ಯೋಗದ ಹೆಸರು ಮಸುಕಾಯಿತು, ಅಭ್ಯಾಸಗಳು ಉಳಿದವು.

ಅಮೆರಿಕಕ್ಕೆ ದಾಟಿದ ಮೇಲೆ ಈ ವಿದ್ಯೆಯ ಒಂದು ಭಾಗ ಉಳಿದದ್ದನ್ನೆಲ್ಲ ನುಂಗಿತು. ಫಸ್ಟ್ ಸ್ಟುಡಿಯೊದಿಂದ ಹೋದ ಬೊಲೆಸ್ಲಾವ್‌ಸ್ಕಿ 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಕಲಿಸಿದ. ಅವನಲ್ಲಿ ಕಲಿತವರಲ್ಲಿ ಲೀ ಸ್ಟ್ರಾಸ್‌ಬರ್ಗ್ ಮತ್ತು ಸ್ಟೆಲ್ಲಾ ಆಡ್ಲರ್ ಇದ್ದರು. 1931ರಲ್ಲಿ ಹುಟ್ಟಿದ ಗ್ರೂಪ್ ಥಿಯೇಟರಿನಲ್ಲಿ ಸ್ಟ್ರಾಸ್‌ಬರ್ಗ್ ನಟರಿಗೆ ಹೇಳಿಕೊಟ್ಟದ್ದು ಮುಖ್ಯವಾಗಿ ಭಾವಸ್ಮರಣೆ: ನಿನ್ನ ಬದುಕಿನ ಒಂದು ದುಃಖವನ್ನು ಅದರ ವಾಸನೆ, ಬೆಳಕು, ಸ್ಪರ್ಶದ ಸಮೇತ ನೆನಪಿಗೆ ತಂದುಕೊ, ಆ ದುಃಖವನ್ನು ದೃಶ್ಯಕ್ಕೆ ಹೊತ್ತು ತಾ. ಇದು ಸ್ಟೆಲ್ಲಾ ಆಡ್ಲರಳನ್ನು ಹಿಂಡಿಹಾಕಿತು. 1934ರಲ್ಲಿ ಪ್ಯಾರಿಸ್ಸಿನಲ್ಲಿ ಅವಳು ಸ್ಟಾನಿಸ್ಲಾವ್‌ಸ್ಕಿಯನ್ನೇ ಭೇಟಿಯಾಗಿ ಕೆಲವು ವಾರ ಅವನ ಬಳಿ ಕೆಲಸ ಮಾಡಿದಳು. ಆ ಹೊತ್ತಿಗೆ ಅವನು ಭಾವಸ್ಮರಣೆಯನ್ನು ಹಿಂದಕ್ಕೆ ಸರಿಸಿ, ನಾಟಕ ಒದಗಿಸುವ ಸನ್ನಿವೇಶ ಮತ್ತು ಅಲ್ಲಿ ಪಾತ್ರ ಮಾಡುವ ಕ್ರಿಯೆಗೆ ಒತ್ತು ಕೊಡುತ್ತಿದ್ದ. ಅವಳು ಮರಳಿ ಬಂದು ಇದನ್ನು ಹೇಳಿದಾಗ ಸ್ಟ್ರಾಸ್‌ಬರ್ಗ್ ಒಪ್ಪಲಿಲ್ಲ. ಇಬ್ಬರ ದಾರಿ ಅಲ್ಲಿಂದ ಬೇರೆಯಾಯಿತು.

ಜನರ ಮನಸ್ಸಿನಲ್ಲಿ ನಿಂತದ್ದು ಸ್ಟ್ರಾಸ್‌ಬರ್ಗನ ದಾರಿಯೇ. ‘ಮೆಥಡ್’ ಎಂದರೆ ನಮ್ಮ ಸಿನಿಮಾ ಪುಟಗಳಲ್ಲೂ ಈಗ ಒಂದೇ ಚಿತ್ರ: ನಟ ತಿಂಗಳುಗಟ್ಟಲೆ ಕೋಣೆ ಸೇರಿಕೊಂಡ, ಯಾರ ಜೊತೆಗೂ ಮಾತಾಡಲಿಲ್ಲ, ಪಾತ್ರದಿಂದ ಹೊರಬರಲು ವೈದ್ಯರ ಬಳಿ ಹೋದ. ಸಿದ್ಧತೆ ಅಂದರೆ ಏಕಾಂಗಿಯಾಗಿ ಪಡುವ ನೋವು ಎಂಬ ನಂಬಿಕೆ ಹೀಗೆ ಬೆಳೆಯಿತು. ಫಿನ್ಲೆಂಡಿನ ಕಡಲದಡದಲ್ಲಿ ಶುರುವಾದ ಹುಡುಕಾಟ ಇಲ್ಲಿಗೆ ಬಂದು ನಿಲ್ಲಬೇಕಾಗಿರಲಿಲ್ಲ.

ನಮ್ಮ ಕರಾವಳಿಯ ಚೌಕಿಯನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದು ಬೇರೆಯೇ ಆಗಿ ಕಾಣುತ್ತದೆ. ಚೌಕಿ ಎಂದರೆ ಯಕ್ಷಗಾನದ ಬಣ್ಣದ ಮನೆ. ರಂಗಸ್ಥಳದಿಂದ ತುಸು ದೂರದಲ್ಲಿ ಹಾಕಿದ ತಾತ್ಕಾಲಿಕ ಚಪ್ಪರ. ಅಲ್ಲಿ ಗಣಪತಿಯನ್ನಿಟ್ಟು ದೀಪ ಹಚ್ಚಿ ಪೂಜೆ ಮಾಡುತ್ತಾರೆ. ಕಲಾವಿದರು ನೆಲದ ಮೇಲೆ ಸಾಲಾಗಿ ಕೂರುತ್ತಾರೆ, ಯಾರು ಎಲ್ಲಿ ಕೂರಬೇಕೆಂಬುದಕ್ಕೂ ಕ್ರಮವಿದೆ. ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುವುದು ಪದ್ಧತಿ. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಚುಟ್ಟಿಯನ್ನು ಮುಳ್ಳು ಮುಳ್ಳಾಗಿ ಮುಖದ ಮೇಲೆ ಇಟ್ಟುಕೊಳ್ಳುತ್ತ ಹೋಗಬೇಕು. ಗಂಟೆಗಟ್ಟಲೆ ಹಿಡಿಯುವ ಕೆಲಸ. ಬಡಗುತಿಟ್ಟಿನ ಮುಂಡಾಸನ್ನು ಬಟ್ಟೆ ಸುತ್ತಿ ತಲೆಯ ಮೇಲೆಯೇ ಕಟ್ಟಿಕೊಳ್ಳಬೇಕು. ಗೆಜ್ಜೆಯನ್ನು ಕಣ್ಣಿಗೊತ್ತಿ ಕಟ್ಟಿಕೊಂಡು, ಚೌಕಿಯ ದೇವರಿಗೆ ಕೈಮುಗಿದು ರಂಗಕ್ಕೆ ಹೊರಡುತ್ತಾರೆ.

ಇಲ್ಲಿ ಯಾರೂ ಕಣ್ಣು ಮುಚ್ಚಿ ಧ್ಯಾನ ಮಾಡುವುದಿಲ್ಲ. ಮಾತು, ನಗೆ, ಎಲೆಯಡಿಕೆ, ಜಗಳ ಎಲ್ಲ ಇರುತ್ತವೆ. ಆದರೆ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡುತ್ತ ಒಂದೊಂದೇ ಗೆರೆ ಎಳೆಯುವವನ ಗಮನ ತಾನಾಗಿಯೇ ಸಣ್ಣ ವೃತ್ತಕ್ಕೆ ಇಳಿದಿರುತ್ತದೆ. ಸ್ಟಾನಿಸ್ಲಾವ್‌ಸ್ಕಿಗೆ ಮೇಜಿನ ದೀಪ ಬೇಕಾಯಿತು, ಇಲ್ಲಿ ಕೈಗನ್ನಡಿ ಸಾಕು. ಇನ್ನೊಂದು ಕಡೆ ಕಿವಿ ರಂಗಸ್ಥಳದಲ್ಲಿದೆ. ಭಾಗವತರ ಪದ್ಯ, ಚೆಂಡೆ ಕೇಳುತ್ತಿರುತ್ತವೆ, ಕಥೆ ಎಲ್ಲಿಗೆ ಬಂತೆಂದು ಗೊತ್ತಾಗುತ್ತಿರುತ್ತದೆ. ಅರ್ಥಗಾರಿಕೆಯನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಪದ್ಯ ಮುಗಿದೊಡನೆ ಸ್ವಂತ ಮಾತು ಹುಟ್ಟಬೇಕು. ಹಾಗಾಗಿ ಎದುರು ವೇಷದವನ ಜೊತೆ, ಭಾಗವತರ ಜೊತೆ ಚೌಕಿಯಲ್ಲೇ ಎರಡು ಮಾತು ಆಗಬೇಕು: ಯಾವ ಪದ್ಯ ಬಿಡುತ್ತೇವೆ, ಎಲ್ಲಿ ಬೆಳೆಸುತ್ತೇವೆ ಎಂದು.

ಅಷ್ಟು ಹೊತ್ತಿಗೆ ರಂಗದಲ್ಲಿ ಪೂರ್ವರಂಗ ನಡೆದಿರುತ್ತಿತ್ತು. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳ ಕುಣಿತ. ಹೊಸದಾಗಿ ಮೇಳ ಸೇರಿದ ಹುಡುಗರು ಕಾಲು ಕುದುರಿಸಿಕೊಂಡದ್ದು, ಸಭೆಯ ಭಯ ಕಳೆದುಕೊಂಡದ್ದು ಈ ವೇಷಗಳಲ್ಲಿ. ಯಾರೂ ಅಷ್ಟಾಗಿ ನೋಡದ ಹೊತ್ತಿನಲ್ಲಿ ತಪ್ಪು ಮಾಡುವ ಅವಕಾಶ ಅವರಿಗಿತ್ತು. ಹಿಮ್ಮೇಳಕ್ಕೆ ಶ್ರುತಿ ಕೂಡುತ್ತಿತ್ತು, ಚೌಕಿಯಲ್ಲಿ ಕೂತ ಹಿರಿಯ ವೇಷಧಾರಿಗೆ ಚುಟ್ಟಿ ಒಣಗಲು ಸಮಯ ಸಿಗುತ್ತಿತ್ತು.

ಚೌಕಿಯನ್ನು ಸ್ವರ್ಗವೆಂದು ಚಿತ್ರಿಸುವ ಉದ್ದೇಶ ನನಗಿಲ್ಲ. ಅಲ್ಲಿ ಮೇಲುಕೀಳಿತ್ತು, ತಿರುಗಾಟದುದ್ದಕ್ಕೂ ನಿದ್ದೆಗೇಡಿತ್ತು, ಹೆಣ್ಣುಮಕ್ಕಳಿಗೆ ಬಹುಕಾಲ ಪ್ರವೇಶವೇ ಇರಲಿಲ್ಲ. ರಾತ್ರಿಯಿಡೀ ಆಟ ನೋಡುವ ಬದುಕೂ ಈಗ ಉಳಿದಿಲ್ಲ. ಹೀಗಾಗಿ ಇತ್ತೀಚಿನ ದಶಕಗಳಲ್ಲಿ ಕಾಲಮಿತಿ ಯಕ್ಷಗಾನ ಬಂತು, ಪೂರ್ವರಂಗ ಮೊಟಕಾಯಿತು ಅಥವಾ ಬಿಟ್ಟೇಹೋಯಿತು. ಇದರಲ್ಲಿ ತಪ್ಪು ಹುಡುಕುವವರಿಗೆ ಭರತನೇ ಅಡ್ಡ ನಿಲ್ಲುತ್ತಾನೆ. ಪೂರ್ವರಂಗದಲ್ಲಿ ಹಾಡು ಕುಣಿತ ಅತಿಯಾದರೆ ಆಡುವವರಿಗೂ ನೋಡುವವರಿಗೂ ಆಯಾಸವಾಗುತ್ತದೆ, ದಣಿದವರಿಗೆ ಭಾವ ರಸಗಳು ಸ್ಪಷ್ಟವಾಗುವುದಿಲ್ಲ ಎಂದು ಅವನು ಎಚ್ಚರಿಸಿದ್ದಾನೆ. ಗಮನಿಸಬೇಕಾದದ್ದು ಅವನ ಅಳತೆಗೋಲನ್ನು. ಎಷ್ಟು ಹೊತ್ತು ಎಂಬುದನ್ನು ಅವನು ನಿರ್ಧರಿಸುವಾಗ ಪ್ರೇಕ್ಷಕನ ಜೊತೆಗೆ ನಟನನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆ. ನಾವು ಕತ್ತರಿಸುವಾಗ ಮಾತ್ರ ಪ್ರೇಕ್ಷಕನ ಗಡಿಯಾರ ಒಂದನ್ನೇ ನೋಡಿದೆವು. ಅವನಿಗೆ ಒಂದು ಗಂಟೆ ಉಳಿಯಿತು. ಅದೇ ಗಂಟೆ ನಟನ ಸಿದ್ಧತೆಯ ಗಂಟೆಯೂ ಆಗಿತ್ತೆಂಬುದು ಯಾರ ಲೆಕ್ಕದಲ್ಲೂ ಬರಲಿಲ್ಲ.

ಊರು ಬಿಟ್ಟು ಬಂದ ನಮ್ಮಂಥವರ ತಂಡಗಳಲ್ಲಿ ಈ ಕತ್ತರಿ ಇನ್ನೂ ಹರಿತ. ಸಭಾಭವನ ಸಿಗುವುದು ನಾಲ್ಕು ಗಂಟೆಗೆ. ಅದರಲ್ಲಿ ದೀಪ ಬೆಳಗುವುದು, ಸ್ವಾಗತ, ಸನ್ಮಾನ, ಹಾರ, ಶಾಲು, ಭಾಷಣಕ್ಕೆ ಒಂದೂವರೆ ಗಂಟೆ. ಕುರ್ಲಾದಿಂದಲೋ ಡೊಂಬಿವಲಿಯಿಂದಲೋ ಲೋಕಲ್ ಹಿಡಿದು ಬಂದವನ ಮುಖಕ್ಕೆ ಯಾರೋ ಹತ್ತು ನಿಮಿಷದಲ್ಲಿ ಬಣ್ಣ ಬಳಿದು ಕಳಿಸುತ್ತಾರೆ. ಮೈ ಇನ್ನೂ ರೈಲಿನ ಕಂಬಿ ಹಿಡಿದ ಬಿಗಿಯಲ್ಲೇ ಇರುತ್ತದೆ. ಅವನ ಕೈಯಲ್ಲಿ ಇನ್ನೂ ಪಿಯಾನೊ ಇದೆ ಎನ್ನಬಹುದು. ರಂಗದಲ್ಲಿ ಅವನು ತಡವರಿಸಿದರೆ ‘ಏಕಾಗ್ರತೆ ಸಾಲದು’ ಎನ್ನುತ್ತೇವೆ. ಏಕಾಗ್ರತೆಯನ್ನು ಅವನೊಬ್ಬನ ಗುಣವೆಂದು ತಿಳಿದದ್ದರಿಂದ ಬರುವ ಮಾತು ಇದು.

ಮೂರು ಗಂಟೆ ನಮಗೆ ಸಿಗಲಾರದು. ಆದರೆ ಇಪ್ಪತ್ತು ನಿಮಿಷ ಸಿಗುತ್ತದೆ, ಅದನ್ನು ಹೇಗೆ ಬಳಸಬೇಕೆಂದು ಇತಿಹಾಸ ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ತಂಡದಲ್ಲಿ ಈಗ ಕೆಲವು ಸಣ್ಣ ನಿಯಮಗಳನ್ನು ಪಾಲಿಸುತ್ತಿದ್ದೇವೆ. ಬಂದವರು ಮೊದಲು ಖಾಲಿ ರಂಗವನ್ನು ಒಂದು ಸುತ್ತು ನಡೆದು ಬರುವುದು. ಬಣ್ಣ ಹಚ್ಚುವವರು ಬೇರೆಯವರೇ ಆದರೂ ಹುಬ್ಬು ಮತ್ತು ತಿಲಕವನ್ನು ತಾವೇ ಬರೆದುಕೊಳ್ಳುವುದು. ಹಾರ್ಮೋನಿಯಂ ಮದ್ದಳೆ ಶ್ರುತಿಯಾಗುವಾಗ ಎಲ್ಲರೂ ಒಟ್ಟಿಗೆ ಕೂತು ಅದನ್ನು ಕೇಳುವುದು, ಫೋನುಗಳನ್ನು ಒಂದು ಚೀಲದಲ್ಲಿ ಹಾಕಿಡುವುದು. ವೇಷ ಕಟ್ಟಿದವರನ್ನು ಸನ್ಮಾನಕ್ಕೆ, ಫೋಟೊಕ್ಕೆ ಕರೆಯದಿರುವುದು. ಯಾರಿಗೂ ಧ್ಯಾನ ಕಲಿಸಿಲ್ಲ, ಹಳೆಯ ದುಃಖ ನೆನಪಿಸಿಕೊಳ್ಳಲು ಹೇಳಿಲ್ಲ. ವಿಘ್ನರು ಪೂರ್ತಿ ತೊಲಗಿದ್ದಾರೆಂದು ಹೇಳಲಾರೆ. ಆದರೆ ಅವರು ಬಂದಾಗ ನಟ ಒಬ್ಬಂಟಿಯಾಗಿರುವುದಿಲ್ಲ.

ಈ ಪತ್ರಿಕೆ ಓದುವವರಲ್ಲಿ ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಸಂಘಗಳಲ್ಲಿ ಕಾರ್ಯಕ್ರಮ ಹೊಂದಿಸುವವರು ಹಲವರಿದ್ದೀರಿ. ಮುಂದಿನ ಸಲ ಸಭಾಭವನಕ್ಕೆ ಅರ್ಜಿ ಬರೆಯುವಾಗ ಬಣ್ಣದ ಕೋಣೆಯ ಬೀಗವನ್ನು ಒಂದು ಗಂಟೆ ಮೊದಲೇ ತೆಗೆಸಿಕೊಡಿ ಎಂದು ಒಂದು ಸಾಲು ಸೇರಿಸಿ. ಕಾರ್ಯಕ್ರಮದ ಪಟ್ಟಿಯಲ್ಲಿ ಒಂದು ಭಾಷಣ ಕಡಿಮೆ ಮಾಡಿ ಆ ಹೊತ್ತನ್ನು ಅವರಿಗೆ ಕೊಡಿ.